ತಗಡಿನ ಹಿಂದಿನ ಕಥೆ

ಅಮೆರಿಕದಲ್ಲಿರುವ ನನ್ನ ಗೆಳೆಯನೊಬ್ಬನ ಹತ್ತಿರ ವಿಮಾನ ಇದೆ. ಕೋಟ್ಯಧಿಪತಿ ಅಂದ್ಕೋಬೇಡಿ! 1970ರ ದಶಕದ, ನಾಲ್ಕು ಸೀಟಿನ ಸೆಸ್ನಾ 172 ಅದು. ಮೂವರು ಸೇರಿ ಕೊಂಡದ್ದು. ಒಮ್ಮೆ ಅದರಲ್ಲಿ ಕೂತಾಗ, ಎದುರಿನ ಮೀಟರುಗಳ ನಡುವೆ ಸ್ಕ್ರೂ ಹಾಕಿ ಮುಚ್ಚಿದ್ದ ಒಂದು ಅಲ್ಯೂಮಿನಿಯಂ ತಗಡು ಕಂಡಿತು. "ಇದೇನೋ?" ಅಂದೆ. "ಲೋರಾನ್ ಇದ್ದ ಜಾಗ ಕಣೋ" ಅಂದ.

ಈ ಲೋರಾನ್ ಎರಡನೇ ಮಹಾಯುದ್ಧದ ಕೂಸು. ಅಟ್ಲಾಂಟಿಕ್ ಸಾಗರದ ಮೇಲೆ ಹಡಗು, ವಿಮಾನಗಳಿಗೆ ದಾರಿ ತೋರಿಸಲೆಂದು ಎಂಐಟಿಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಅದರ ಸುಧಾರಿತ ರೂಪವಾದ ಲೋರಾನ್-ಸಿ 1957ರಲ್ಲಿ ಬಂತು. ತತ್ವ ಸರಳ. ದೂರ ದೂರದ ಗೋಪುರಗಳು 100 ಕಿಲೋಹರ್ಟ್ಸ್‌ನಲ್ಲಿ ಮಿಡಿತಗಳನ್ನು ಕಳಿಸುತ್ತವೆ. ಯಾವುದು ಎಷ್ಟು ತಡವಾಗಿ ಬಂತು ಎಂಬ ವ್ಯತ್ಯಾಸದಿಂದ ಪೆಟ್ಟಿಗೆ ನಿಮ್ಮ ಜಾಗ ಲೆಕ್ಕ ಹಾಕುತ್ತದೆ.

ಅದಕ್ಕೂ ಮುಂಚೆ ಸಣ್ಣ ವಿಮಾನಗಳಿಗೆ ವಿಒಆರ್ ಮುಳ್ಳೇ ಗತಿ. ಅದರ ಅಲೆ ನೇರ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಮುಗೀತು. ಲೋರಾನ್ ಅಲೆಯಾದರೋ ನೆಲಕ್ಕೆ ಅಂಟಿಕೊಂಡೇ ಸಾಗುತ್ತದೆ. 1980ರ ದಶಕದಲ್ಲಿ ಪೆಟ್ಟಿಗೆಗಳು ಅಗ್ಗವಾದಾಗ ತಗ್ಗಿನಲ್ಲಿ ಹಾರುವ ಸಣ್ಣ ವಿಮಾನದವರು ಮುಗಿಬಿದ್ದು ಕೊಂಡರು.

ಅಷ್ಟರಲ್ಲಿ ಜಿಪಿಎಸ್ ಬಂತಲ್ಲ! 1983ರಲ್ಲಿ ದಾರಿ ತಪ್ಪಿದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ ಸೇನೆ ಹೊಡೆದುರುಳಿಸಿದ ಮೇಲೆ, ಜಿಪಿಎಸ್ ಜನಸಾಮಾನ್ಯರಿಗೂ ಸಿಗಲಿದೆ ಎಂದು ರೇಗನ್ ಸರ್ಕಾರ ಘೋಷಿಸಿತು. ಬೇಕೆಂದೇ ಸೇರಿಸಿದ್ದ ತಪ್ಪನ್ನು 2000ದ ಮೇ ತಿಂಗಳಲ್ಲಿ ತೆಗೆದದ್ದೇ ತಡ, ಲೋರಾನ್ ಕೇಳುವವರೇ ಇಲ್ಲವಾದರು. 2010ರ ಫೆಬ್ರವರಿ 8ರಂದು ಅಮೆರಿಕದ ಬಹುಪಾಲು ಗೋಪುರಗಳು ಮೌನವಾದವು. ಐದು ವರ್ಷಕ್ಕೆ 19 ಕೋಟಿ ಡಾಲರ್ ಉಳಿತಾಯ ಎಂದಿತು ಕರಾವಳಿ ಪಡೆ.

ನನ್ನನ್ನು ಕಾಡಿದ್ದು ಇದೇ. ಗೆಳೆಯನ ಪೆಟ್ಟಿಗೆ ಕೆಟ್ಟಿರಲಿಲ್ಲ, ಅದರ ಜೊತೆ ಮಾತಾಡುವವರು ಇರಲಿಲ್ಲ ಅಷ್ಟೆ. ಸರ್ಕಾರದ್ದು ಉಳಿತಾಯ, ಹೊಸ ಜಿಪಿಎಸ್ ಕೂರಿಸುವ ಖರ್ಚು ಮಾತ್ರ ಮಾಲೀಕನದ್ದು. ಹಳೇದನ್ನು ಸುಮ್ಮನೆ ಕಿತ್ತೆಸೆಯುವ ಹಾಗೂ ಇಲ್ಲ. ಮೆಕ್ಯಾನಿಕ್ ತೆಗೆದು, ವಿಮಾನದ ತೂಕ, ಸಮತೋಲನ ಮತ್ತೆ ಲೆಕ್ಕ ಹಾಕಿ ದಾಖಲೆ ಪುಸ್ತಕದಲ್ಲಿ ಬರೆಯಬೇಕು.

ಈಗ ಗೆಳೆಯನ ವಿಒಆರ್ ಮುಳ್ಳು ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದೆಯಂತೆ. ಅದನ್ನೂ ಕಿತ್ತು ದೊಡ್ಡ ಸ್ಕ್ರೀನ್ ಹಾಕಿಸಲಾ ಅಂತ ಕೇಳಿದ. ಬೇಡ ಅಂದೆ. ಜಿಪಿಎಸ್ ಸಂಕೇತ 20,000 ಕಿಲೋಮೀಟರ್ ಮೇಲಿನಿಂದ ಬರುವ ಪಿಸುಮಾತು, ಪಕ್ಕದಲ್ಲಿ ಯಾರಾದರೂ ಕೂಗಿದರೆ ಕೇಳಿಸದು. 2024ರ ಏಪ್ರಿಲ್ ಕೊನೆಯಲ್ಲಿ ಜಿಪಿಎಸ್‌ಗೆ ಅಡ್ಡಿಯಾಗಿ, ಫಿನ್‌ಏರ್ ಎಸ್ಟೋನಿಯಾದ ತಾರ್ತು ಪಟ್ಟಣದ ಹಾರಾಟವನ್ನೇ ಒಂದು ತಿಂಗಳು ನಿಲ್ಲಿಸಿತು. ಅಲ್ಲಿ ಇಳಿಯುವ ವಿಧಾನ ಜಿಪಿಎಸ್‌ಗೇ ಜೋತುಬಿದ್ದಿತ್ತು. ಜಿಪಿಎಸ್ ಕೈಕೊಟ್ಟರೂ 100 ನಾಟಿಕಲ್ ಮೈಲಿಯೊಳಗೆ ಇಳಿಯಲು ಒಂದು ನಿಲ್ದಾಣ ಸಿಗಲಿ ಎಂದೇ ಅಮೆರಿಕ ಒಂದಷ್ಟು ವಿಒಆರ್ ಕೇಂದ್ರಗಳನ್ನು ಉಳಿಸಿಕೊಳ್ಳುತ್ತಿದೆ. ಆದರೆ ಕೇಂದ್ರ ಉಳಿದು ವಿಮಾನದಲ್ಲಿ ಮುಳ್ಳೇ ಇಲ್ಲದಿದ್ದರೆ?

ಸ್ಕ್ರೀನ್ ಹಾಕಿಸು, ಮುಳ್ಳನ್ನೂ ರಿಪೇರಿ ಮಾಡಿಸು ಅಂದೆ. "ದುಡ್ಡು ನಿಮ್ಮಪ್ಪ ಕೊಡ್ತಾರಾ?" ಅಂದ. ಇನ್ನೂ ಲೆಕ್ಕ ಹಾಕ್ತಾ ಇದ್ದಾನೆ. ನೀವಾಗಿದ್ದರೆ ಏನು ಮಾಡ್ತಿದ್ರಿ?