ಹವಾಯಿಯ ಕಾಡುಹಕ್ಕಿಗಳು ಮತ್ತು ಮೇಲೇರುತ್ತಿರುವ ಸೊಳ್ಳೆಯ ಗಡಿ: ಒಂದು ಟಿಪ್ಪಣಿ

ಹವಾಯಿ ದ್ವೀಪಗಳ ಹನಿಕ್ರೀಪರ್ ಹಕ್ಕಿಗಳಲ್ಲಿ ಒಂದು ಕಾಲಕ್ಕೆ ಐವತ್ತಕ್ಕೂ ಹೆಚ್ಚು ಪ್ರಭೇದಗಳಿದ್ದವು. ಈಗ ಉಳಿದಿರುವುದು 17. ಕಾಡಿನ ನಾಶ, ಇಲಿ, ಬೆಕ್ಕು ಎಲ್ಲವೂ ಇದಕ್ಕೆ ಕಾರಣ, ನಿಜ. ಆದರೆ ಕಾಡು ಚೆನ್ನಾಗಿಯೇ ಉಳಿದಿರುವ ಕಡೆಯೂ ಹಕ್ಕಿ ಇಲ್ಲವಾದದ್ದೇಕೆ? ಇದಕ್ಕೆ ಉತ್ತರ ಬಹುಮಟ್ಟಿಗೆ ಸೊಳ್ಳೆಯಲ್ಲಿದೆ.

ಹವಾಯಿಯಲ್ಲಿ ಮೂಲತಃ ಸೊಳ್ಳೆಯೇ ಇರಲಿಲ್ಲ. ಕ್ಯೂಲೆಕ್ಸ್ ಕ್ವಿಂಕಿಫಾಸಿಯಾಟಸ್ 1826ರ ಸುಮಾರಿಗೆ ಹಡಗಿನ ನೀರಿನೊಡನೆ ಮಾವಿ ದ್ವೀಪ ಸೇರಿತು. ನಮ್ಮ ಊರಿನ ಚರಂಡಿಗಳಲ್ಲಿ ಬೆಳೆದು ಆನೆಕಾಲು ರೋಗ ಹರಡುವುದೂ ಇದೇ ಸೊಳ್ಳೆ. ಹವಾಯಿಯಲ್ಲಿ ಅದು ಹರಡಿದ್ದು ಹಕ್ಕಿಗಳ ಮಲೇರಿಯಾ. ಆ ರೋಗ ಸೊಳ್ಳೆಯ ಮೂಲಕ ಹರಡುವ ಬಗೆಯನ್ನು ರೊನಾಲ್ಡ್ ರಾಸ್ 1898ರಲ್ಲಿ ಕಲ್ಕತ್ತೆಯಲ್ಲಿಯೇ ತೋರಿಸಿಕೊಟ್ಟಿದ್ದರು. ಅದರ ಪರಾವಲಂಬಿ ಪ್ಲಾಸ್ಮೋಡಿಯಂ ರೆಲಿಕ್ಟಮ್ ಹವಾಯಿ ಮುಟ್ಟಿದ್ದು ಸೊಳ್ಳೆಗಿಂತ ಬಹಳ ತಡವಾಗಿ, ಬಹುಶಃ 20ನೆಯ ಶತಮಾನದ ಆರಂಭದಲ್ಲಿ, ಹೊರಗಿನಿಂದ ತಂದು ಬಿಟ್ಟ ಹಕ್ಕಿಗಳೊಡನೆ. ಈ ರೋಗವನ್ನು ಎಂದೂ ಕಾಣದ ಹಕ್ಕಿಗಳಲ್ಲಿ ಪ್ರತಿರೋಧ ಇರಲಿಲ್ಲ. ಕೆಂಪು ಮೈಯ, ಬಾಗಿದ ಕೊಕ್ಕಿನ ಇಇವಿ ಹಕ್ಕಿಗಳಿಗೆ ಪ್ರಯೋಗದಲ್ಲಿ ಸೋಂಕಿರುವ ಒಂದೇ ಸೊಳ್ಳೆ ಕಚ್ಚಿದಾಗ ನೂರಕ್ಕೆ 90ರಷ್ಟು ಸತ್ತವು.

ತಗ್ಗಿನ ಕಾಡುಗಳಿಂದ ಹಕ್ಕಿಗಳು ಮರೆಯಾಗಿರುವುದಕ್ಕೆ ಹೊರಗಿನಿಂದ ಬಂದ ರೋಗಗಳೇ ಕಾರಣವೆಂದು ರಿಚರ್ಡ್ ವಾರ್ನರ್ 1968ರಲ್ಲಿ ವಾದಿಸಿದರು. ಎತ್ತರದ ಕಾಡು ಸುರಕ್ಷಿತವಾಗಿದ್ದುದರ ಗುಟ್ಟು ತಂಪು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಪರಾವಲಂಬಿ ಸೊಳ್ಳೆಯ ಮೈಯಲ್ಲಿ ಬೆಳವಣಿಗೆ ಮುಗಿಸಲಾರದು. ಸಂರಕ್ಷಣೆಯ ಹಳೆಯ ಲೆಕ್ಕಾಚಾರವೆಲ್ಲ ನಿಂತದ್ದು ಈ ತಂಪಿನ ಮೇಲೆ: ಎತ್ತರದ ಕಾಡಿಗೆ ಬೇಲಿ ಹಾಕು, ಹಂದಿಗಳನ್ನು ಹೊರಗಿಡು. ಹಂದಿಗಳ ವಿಷಯ ಸಣ್ಣದಲ್ಲ. ಅವು ಮರದೆತ್ತರದ ಹಾಪುಉ ಜರೀಗಿಡದ ಕಾಂಡವನ್ನು ಬಗೆದು ಹಿಟ್ಟಿನಂಥ ತಿರುಳು ತಿನ್ನುತ್ತವೆ. ಉಳಿದ ಟೊಳ್ಳಿನಲ್ಲಿ ಮಳೆನೀರು ನಿಂತು ಸೊಳ್ಳೆಯ ಮರಿಗಳು ಬೆಳೆಯುತ್ತವೆ.

ವಾತಾವರಣ ಬಿಸಿಯೇರಿದಂತೆ ಆ ಸುರಕ್ಷಿತ ಗಡಿ ಮೇಲೇರಿತು. ಕವಾಯಿ ದ್ವೀಪದ ಅತ್ಯುನ್ನತ ಶಿಖರವೇ 1,600 ಮೀಟರ್ ಮುಟ್ಟುವುದಿಲ್ಲ, ಹೀಗಾಗಿ ಅಲ್ಲಿನ ಹಕ್ಕಿಗಳಿಗೆ ಹತ್ತಲು ಬೆಟ್ಟವೇ ಇಲ್ಲ. ಅಲ್ಲಿನ ಅಲಕಾಯಿ ಪ್ರಸ್ಥಭೂಮಿಯ ಅಕಿಕಿಕಿ ಹಕ್ಕಿ 2018ರಲ್ಲಿ ಸುಮಾರು 450 ಇದ್ದದ್ದು, 2023ರ ಹೊತ್ತಿಗೆ ಕಾಡಿನಲ್ಲಿ ಐದಕ್ಕೆ ಇಳಿಯಿತು. ಹಿಡಿದು ತಂದು ಸಾಕುವುದೊಂದೇ ದಾರಿಯಾಯಿತು. ಅದೂ ನಿಶ್ಚಿಂತೆಯ ದಾರಿಯಲ್ಲ: ಆ ಆಗಸ್ಟಿನಲ್ಲಿ ಮಾವಿಯ ಕಾಳ್ಗಿಚ್ಚು ಸಾಕಣೆ ಕೇಂದ್ರದ ಬಳಿಗೇ ಬಂದಿತ್ತು.

ಹಕ್ಕಿಯನ್ನು ಬೇರೆ ಕಾಡಿಗೆ ಸಾಗಿಸಿದರೆ? 2019ರ ಅಕ್ಟೋಬರಿನಲ್ಲಿ ಮಾವಿಯ ಹಲೆಯಾಕಲಾ ಪರ್ವತದ ದಕ್ಷಿಣದ ಇಳಿಜಾರಿನಲ್ಲಿರುವ ನಕುಲಾ ಮೀಸಲು ಕಾಡಿಗೆ 14 ಕಿವಿಕಿಯು ಹಕ್ಕಿಗಳನ್ನು ತಂದರು, ಅರ್ಧ ಸಾಕಿದವು, ಅರ್ಧ ಕಾಡಿನವು. ಕೆಲವೇ ವಾರಗಳಲ್ಲಿ ಅವು ಸತ್ತವು, ಇಲ್ಲವೇ ಕಾಣೆಯಾದವು. ಸತ್ತವುಗಳಲ್ಲಿ ಮಲೇರಿಯಾ ಕಂಡುಬಂತು. ಆದರೆ 2021ರ ಜುಲೈಯಲ್ಲಿ ಅವುಗಳಲ್ಲೊಂದು ಗಂಡು ಜೀವಂತವಾಗಿ ಮತ್ತೆ ಸಿಕ್ಕಿತು. ಒಂದು ಹಕ್ಕಿಯಿಂದ ಪ್ರತಿರೋಧ ಬೆಳೆದಿದೆಯೆಂದು ತೀರ್ಮಾನಿಸುವುದು ದುಡುಕಾದೀತು, ಆದರೂ ಈ ಸಂಗತಿಯನ್ನು ದಾಖಲೆಯಿಂದ ಬಿಡುವಂತಿಲ್ಲ. ಹವಾಯಿಯ ದೊಡ್ಡ ದ್ವೀಪದ ತಗ್ಗಿನಲ್ಲಿ ಅಮಕಿಹಿ ಹಕ್ಕಿಗಳು ರೋಗವನ್ನು ತಾಳಿಕೊಂಡು ಬದುಕಿರುವ ನಿದರ್ಶನ ಮೊದಲೇ ಇದೆ.

ಸೊಳ್ಳೆಯನ್ನೇ ಕಡಿಮೆ ಮಾಡಲು 2023ರ ನವೆಂಬರಿನಿಂದ ಪೂರ್ವ ಮಾವಿಯ ಕಾಡುಗಳಲ್ಲಿ ಹೆಲಿಕಾಪ್ಟರಿನಿಂದ ಗಂಡು ಸೊಳ್ಳೆಗಳನ್ನು ಬಿಡಲಾಗುತ್ತಿದೆ. ಗಂಡು ಸೊಳ್ಳೆ ಕಚ್ಚುವುದಿಲ್ಲ. ಈ ಗಂಡುಗಳ ಮೈಯಲ್ಲಿರುವ ವೋಲ್ಬಾಕಿಯಾ ಬ್ಯಾಕ್ಟೀರಿಯಾದ ತಳಿ ಕಾಡಿನ ಹೆಣ್ಣುಗಳಲ್ಲಿರುವುದಕ್ಕೆ ಹೊಂದುವುದಿಲ್ಲ. ಹಾಗಾಗಿ ಕೂಡಿದರೂ ಮೊಟ್ಟೆ ಒಡೆಯುವುದಿಲ್ಲ, ಸಂತತಿ ಕುಗ್ಗುತ್ತದೆ. ಕೀಟನಾಶಕವಿಲ್ಲದೆ, ಒಂದೇ ಜಾತಿಯ ಸೊಳ್ಳೆಗೆ ಗುರಿಯಿಟ್ಟ ಈ ಉಪಾಯ ನನಗೆ ಸರಿಯೆನಿಸುತ್ತದೆ. ಇದರ ಮಿತಿಯೂ ಸ್ಪಷ್ಟ: ಬಿಡುವುದು ನಿಂತರೆ ಸೊಳ್ಳೆ ಮರಳಿ ಹೆಚ್ಚುತ್ತದೆ, ಬಿಸಿ ಕಡಿಮೆಯಾಗುವುದಿಲ್ಲ. ಆದುದರಿಂದ ಹಕ್ಕಿಯಲ್ಲಿ ಪ್ರತಿರೋಧ ಬೆಳೆಯುವ ತನಕ, ಅದು ಎಷ್ಟು ದಶಕವಾದರೂ, ಈ ಕೆಲಸಕ್ಕೆ ಹಣ ಹರಿಯುತ್ತಲೇ ಇರಬೇಕು. ಮೂರು ವರ್ಷದ ಯೋಜನೆಯ ಲೆಕ್ಕದಲ್ಲಿ ಇದನ್ನು ನಡೆಸಲಾಗದು.