ಕುರುಡರ ಲೆಕ್ಕವೂ ಕಣ್ಣಿನ ಖರ್ಚೂ

ಒಂದು ಸೀಮೆಯಲ್ಲಿ ಕಣ್ಣು ಕಾಣದವರು ಎಷ್ಟು ಮಂದಿಯೆಂದು ಎಣಿಸುವುದಕ್ಕೂ, ಯಾರ ಕಣ್ಣು ಕೆಡುತ್ತಿದೆಯೆಂದು ಮುಂಚಿತವಾಗಿಯೇ ನೋಡಿ ತಿಳಿಯುವುದಕ್ಕೂ ಅಜಗಜಾಂತರವಿದೆ. ಮೊದಲನೆಯದಕ್ಕೆ ಕಾಗದವೂ ಮಸಿಯೂ ಸಾಕು. ಎರಡನೆಯದಕ್ಕೆ ಏನೇನು ಬೇಕೆಂಬುದನ್ನು ನಮ್ಮ ಕೊಳ್ಳೇಗಾಲದ ಸೀಮೆಯಿಂದಲೇ ನೋಡೋಣ.

1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಮೇಲೆ ಕೊಳ್ಳೇಗಾಲವು ಕಂಪನಿಯವರ ಪಾಲಿಗೆ ಬಂದು, ಮುಂದೆ ಕೊಯಮತ್ತೂರು ಜಿಲ್ಲೆಯ ಭಾಗವಾಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವ ತನಕ ನಮಗೆ ಮದರಾಸೇ ರಾಜಧಾನಿ. ನೆರೆಯ ಯಳಂದೂರಾದರೋ 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಂದು ಮೈಸೂರಿನಲ್ಲೇ ಉಳಿಯಿತು. 1881ರಿಂದ 1931ರ ವರೆಗಿನ ಖಾನೇಷುಮಾರಿಗಳಲ್ಲಿ ಬುದ್ಧಿಭ್ರಮಣೆ, ಕಿವುಡು-ಮೂಗುತನ, ಕುಷ್ಠ ಇವುಗಳ ಜೊತೆಗೆ ಕುರುಡುತನವನ್ನೂ ಬರೆದುಕೊಳ್ಳುತ್ತಿದ್ದರು. ಕೊಳ್ಳೇಗಾಲದ ಕುರುಡನು ಮದರಾಸಿನ ಕಡತಕ್ಕೆ, ಯಳಂದೂರಿನ ಕುರುಡನು ಮೈಸೂರಿನ ಕಡತಕ್ಕೆ! ಎರಡು ಕಣ್ಣೂ ಪೂರ್ತಿ ಹೋದವನಿಗೆ ಮಾತ್ರ ಆ ಕಲಮಿನಲ್ಲಿ ಜಾಗ. ಪೊರೆ ಕಟ್ಟುತ್ತಿರುವ ಮುದುಕಿ, ದೀಪ ಹಚ್ಚುವ ಹೊತ್ತಿಗೆ ತಡಕಾಡುವ ಕೂಸು, ಇವರಾರೂ ಲೆಕ್ಕಕ್ಕಿಲ್ಲ. ಬರೆದುಕೊಳ್ಳುವವನು ವೈದ್ಯನಲ್ಲವಷ್ಟೆ; ಆದುದರಿಂದಲೇ ಆ ಎಣಿಕೆ ಅಗ್ಗವಾಗಿತ್ತು. 1941ರಲ್ಲಿ ಆ ಕಲಮನ್ನೇ ಕೈಬಿಟ್ಟರು.

ಎಣಿಸಿದ ಮೇಲಾದರೂ ಚಿಕಿತ್ಸೆ ಎಲ್ಲಿತ್ತು? ಮದರಾಸಿನಲ್ಲಿ 1819ರಲ್ಲೇ ಕಣ್ಣಾಸ್ಪತ್ರೆ ಹುಟ್ಟಿತ್ತು. ಬೆಂಗಳೂರಿನ ಮಿಂಟೋ ಆಸ್ಪತ್ರೆಯ ಕಟ್ಟಡ 1913ರಲ್ಲಿ ತೆರೆಯಿತು. ಹನೂರಿನಾಚೆಯ ಕಾಡಂಚಿನ ಬೇಸಾಯಗಾರನಿಗೆ ಎರಡೂ ಕಾಶಿಯಷ್ಟೇ ದೂರ. ವೈದ್ಯನು ಕಾಸು ಕೇಳದಿದ್ದರೂ ದಾರಿಯ ಖರ್ಚು, ಕೈಹಿಡಿದು ನಡೆಸುವ ಮಗನ ಕೂಲಿನಷ್ಟ, ಪರಸ್ಥಳದ ಊಟ ಇವನ್ನು ಯಾರು ಕೊಡಬೇಕು?

ಈ ದಾರಿಯನ್ನು ತಿರುಗುಮುರುಗು ಮಾಡಿದವರು ಬಿಜಾಪುರ ಸೀಮೆಯ ಬೀಳಗಿಯಲ್ಲಿ 1916ರಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು. ರೋಗಿ ಬರಲಾರನಾದರೆ ಆಸ್ಪತ್ರೆಯೇ ಹೋಗಲಿ ಎಂದು ಅವರು ಊರೂರಿಗೆ ಶಿಬಿರ ಒಯ್ದರು. 1993ರ ಫೆಬ್ರವರಿಯ ತನಕ ಅವರು ನೋಡಿದ ರೋಗಿಗಳು 1,21,18,630, ಮಾಡಿದ ಶಸ್ತ್ರಚಿಕಿತ್ಸೆಗಳು 6,10,564 ಎಂದು ಗಿನ್ನೆಸ್ ದಾಖಲೆ ಪುಸ್ತಕ ಅಚ್ಚುಮಾಡಿತು. ಜನ ಎರಡನೆಯ ಅಂಕಿಯನ್ನು ಕಂಡು ಬೆರಗಾಗುತ್ತಾರೆ. ನನಗೆ ಮೊದಲನೆಯದೇ ದೊಡ್ಡದೆನಿಸುತ್ತದೆ. ಒಬ್ಬನಿಗೆ ಶಸ್ತ್ರ ಮುಟ್ಟಿಸಬೇಕಾದರೆ ಸುಮಾರು ಇಪ್ಪತ್ತು ಮಂದಿಯ ಕಣ್ಣು ಬಿಡಿಸಿ ನೋಡಬೇಕು. ಆ ನೋಡುವಿಕೆಗೆ ಛತ್ರ ಬೇಕು, ಸಾಲು ನಿಲ್ಲಿಸುವವರು ಬೇಕು, ನೀರು-ಸಾರು ಬೇಕು. ಆ ಕಾಲದಲ್ಲಿ ಪೊರೆ ತೆಗೆಸಿಕೊಂಡವರು ಕಟ್ಟುಹಾಕಿಸಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಅಷ್ಟು ದಿನದ ಅನ್ನವನ್ನೂ ಚಾಪೆಯನ್ನೂ ಊರಿನ ದಾನಿಗಳು ಹೊರುತ್ತಿದ್ದರು. ಕೊನೆಗೆ ದಪ್ಪ ಗಾಜಿನ ಕನ್ನಡಕ. ಕಣ್ಣಿನೊಳಗೇ ಮಸೂರ ಇಡುವ ಪದ್ಧತಿ ಹರಡಿದ ಮೇಲೆ ಆ ಗಾಜೂ ಹೋಯಿತು, ಆ ಮಲಗುವಿಕೆಯೂ ಹೋಯಿತು. ಮಧುರೆಯ ಅರವಿಂದ ಸಂಸ್ಥೆಯವರು 1992ರಿಂದ ಅಂಥ ಮಸೂರಗಳನ್ನು ಇಲ್ಲೇ ತಯಾರಿಸಿ ಬೆಲೆ ಇಳಿಸಿದರು.

ಎಲ್ಲ ರೋಗವನ್ನೂ ಹೀಗೆ ಹುಡುಕುವುದು ಲಾಭವೇ? 1968ರಲ್ಲಿ ವಿಲ್ಸನ್, ಯುಂಗ್ನರ್ ಎಂಬಿಬ್ಬರು ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ಹೊತ್ತಗೆಯಲ್ಲಿ ಇದಕ್ಕೆ ಕಟ್ಟುಪಾಡು ಹಾಕಿದರು. ಕಂಡುಹಿಡಿದ ಮೇಲೆ ಚಿಕಿತ್ಸೆಯ ಅನುಕೂಲವಿರಬೇಕು. ಹುಡುಕುವ ವೆಚ್ಚವು ಒಟ್ಟು ವೈದ್ಯವೆಚ್ಚಕ್ಕೆ ಹೊಂದಿರಬೇಕು. ಪೊರೆಯನ್ನು ಟಾರ್ಚಿನ ಬೆಳಕಿನಲ್ಲೇ ಗುರುತಿಸಬಹುದು. ಗ್ಲಾಕೋಮ ಹಾಗಲ್ಲ. ಅದು ನೋವಿಲ್ಲದೆ, ಅಂಚಿನಿಂದ ನೋಟವನ್ನು ತಿನ್ನುತ್ತ ಬರುತ್ತದೆ. ಕಣ್ಣಿನ ಒತ್ತಡ ಅಳೆದರಷ್ಟೇ ಸಾಲದು. ನರದ ಬುಡವನ್ನೂ ನೋಟದ ಹರವನ್ನೂ ಪರೀಕ್ಷಿಸಬೇಕು. ಅದಕ್ಕೆ ಯಂತ್ರವೂ ನುರಿತ ವೈದ್ಯನೂ ಬೇಕು, ಸಿಕ್ಕವನಿಗೆ ಜೀವಮಾನದುದ್ದಕ್ಕೂ ಔಷಧ ಬೇಕು.

ಕೆಲವೆಡೆ ಹುಡುಕದಿರುವುದೇ ಅಗ್ಗ. ಎ ಜೀವಸತ್ವದ ಕೊರತೆಯಿಂದ ಇರುಳುಗಣ್ಣು ಬರುವ ಕೂಸುಗಳನ್ನು ಒಂದೊಂದಾಗಿ ಆರಿಸುವ ಬದಲು, 1970ರಿಂದ ಎಳೆಯ ಮಕ್ಕಳೆಲ್ಲರಿಗೂ ಆರು ತಿಂಗಳಿಗೊಮ್ಮೆ ಆ ಸತ್ವವನ್ನು ಬಾಯಿಗೆ ಹಾಕುವ ಕಾರ್ಯಕ್ರಮ ಬಂತು.

ಶಾಲೆಯ ಮಕ್ಕಳ ಕಣ್ಣು ನೋಡುವ ಕೆಲಸ ನಮ್ಮಂಥ ಉಪಾಧ್ಯಾಯರ ಪಾಲಿಗೂ ಬಂದಿದೆ. ಸ್ನೆಲೆನ್ ಎಂಬ ಡಚ್ ವೈದ್ಯರು 1862ರಲ್ಲಿ ರಚಿಸಿದ ಅಕ್ಷರಪಟಕ್ಕೆ ಆರು ಮೀಟರ್ ದೂರ ಬೇಕು. ಅಷ್ಟು ಉದ್ದದ ಕೊಠಡಿ ಇಲ್ಲದ ಶಾಲೆಯಲ್ಲಿ ಜಗಲಿಯೇ ಗತಿ. ಪಟ ಅಗ್ಗ, ಉಪಾಧ್ಯಾಯನೂ ಅಗ್ಗ. ಹಲಗೆ ಕಾಣದ ಹುಡುಗನನ್ನು ದಡ್ಡನೆಂದು ಬೈಯುವ ಬದಲು ಪಟದ ಮುಂದೆ ನಿಲ್ಲಿಸುವುದು ಮೇಲಲ್ಲವೇ? ಆದರೆ ಅವನಿಗೆ ಕನ್ನಡಕ ಬರೆದುಕೊಡುವವರು ತಾಲ್ಲೂಕು ಆಸ್ಪತ್ರೆಗೆ ವಾರದಲ್ಲಿ ಯಾವ ದಿನ ಬರುತ್ತಾರೆಂಬುದು ತಿಳಿಯದೆ ಹೋದರೆ, ನಾವು ಬರೆದ ಚೀಟಿಯೂ ಹಳೆಯ ಖಾನೇಷುಮಾರಿಯ ಕಲಮಿನಂತೆಯೇ.

ಈಚೆಗೆ ರಾಜ್ಯ ಸರ್ಕಾರದ ‘ಆಶಾಕಿರಣ’ ಯೋಜನೆಯಲ್ಲಿ ಹಲವು ಜಿಲ್ಲೆಗಳಲ್ಲಿ ಮನೆಮನೆಗೆ ಹೋಗಿ ಕಣ್ಣು ಪರೀಕ್ಷಿಸಿ, ಬೇಕಾದವರಿಗೆ ಉಚಿತ ಕನ್ನಡಕ ಹಂಚಿದ್ದಾರೆ. ಮಲೆಯ ಮಹದೇಶ್ವರ ಬೆಟ್ಟ, ಬಿಳಿಗಿರಿರಂಗನ ಬೆಟ್ಟಗಳ ಸೋಲಿಗರ ಪೋಡಿನಲ್ಲಿ ಒಬ್ಬರನ್ನು ನೋಡಿಬರುವ ಹೊತ್ತಿಗೆ ಪೇಟೆಯಲ್ಲಿ ಐವತ್ತು ಮಂದಿಯನ್ನು ನೋಡಬಹುದು. ತಲೆಗಿಷ್ಟು ರೂಪಾಯಿ ಎಂದು ಸರಾಸರಿ ಕಟ್ಟಿ ಹಣ ಬಿಡುಗಡೆ ಮಾಡುವ ಅಧಿಕಾರಿಗಳು ಪೋಡಿನ ದಾರಿಗೆ ಬೇರೆಯೇ ಒಂದು ಕಲಮು ತೆಗೆದಿಡಬೇಕು.