ಮಂಗಳೂರಿನ ಬಾಸೆಲ್ ಮಿಶನ್ ಸಭೆಯ ಬೆಳವಣಿಗೆ: ಜೀವನೋಪಾಯ, ಭಾಷೆ ಮತ್ತು ಸ್ವಾವಲಂಬನೆ

ಮಂಗಳೂರಿನ ಕ್ರೈಸ್ತ ಇತಿಹಾಸವೆಂದರೆ ಬಹುಕಾಲ ಕೊಂಕಣಿ ಮಾತೃಭಾಷೆಯ ರೋಮನ್ ಕಥೊಲಿಕರ ಇತಿಹಾಸವೇ ಆಗಿತ್ತು. ಗೋವೆಯಿಂದ ಬಂದು ನೆಲೆಸಿದ ಈ ಸಮುದಾಯವು ಕೆಳದಿ ಅರಸರ ಆಳ್ವಿಕೆಯನ್ನೂ, 1784ರಲ್ಲಿ ಟೀಪು ಸುಲ್ತಾನನ ಕಾಲದ ಸೆರೆವಾಸವನ್ನೂ ಕಂಡಿತ್ತು. ಪ್ರಾಟೆಸ್ಟಂಟ್ ಪಂಥವು ಇಲ್ಲಿ ತಳವೂರಿದ್ದು ಹತ್ತೊಂಬತ್ತನೆಯ ಶತಮಾನದ ನಾಲ್ಕನೆಯ ದಶಕದಲ್ಲಿ, ಬಾಸೆಲ್ ಮಿಶನ್ನಿನ ಮೂಲಕ. ಮುಂದಿನ ಅರ್ಧಶತಮಾನದಲ್ಲಿ ತುಳು ಮನೆಮಾತಿನ, ಕನ್ನಡದಲ್ಲಿ ಆರಾಧನೆ ನಡೆಸುವ ಹೊಸದೊಂದು ಕ್ರೈಸ್ತ ಸಮುದಾಯ ಇಲ್ಲಿ ರೂಪುಗೊಂಡಿತು.

ಬಾಸೆಲ್ ಮಿಶನ್ನಿನ ಹೆಸರು ಕನ್ನಡಿಗರಿಗೆ ಪರಿಚಿತವಾಗಿರುವುದು ಮುದ್ರಣಾಲಯ, ಪತ್ರಿಕೆ ಹಾಗೂ ನಿಘಂಟುಗಳಿಂದ. ಈ ಸಾಹಿತ್ಯಸೇವೆಯ ಖ್ಯಾತಿಯ ಹಿಂದೆ ಸಭೆಯ, ಅಂದರೆ ಮತಾಂತರ ಹೊಂದಿದ ಸ್ಥಳೀಯ ಜನರ, ಇತಿಹಾಸವು ಬಹುಮಟ್ಟಿಗೆ ಮರೆಯಾಗಿದೆ. ಸಭೆ ಬೆಳೆದದ್ದು ಹೇಗೆ, ಅದರ ಬೆಳವಣಿಗೆಗೆ ಇದ್ದ ಮಿತಿಗಳೇನು ಎಂಬುದನ್ನು ಪರಿಶೀಲಿಸಿದರೆ, ಬೋಧನೆಯಷ್ಟೇ ಜೀವನೋಪಾಯದ ಪ್ರಶ್ನೆಯೂ ಅದರ ಸ್ವರೂಪವನ್ನು ನಿರ್ಣಯಿಸಿತೆಂಬುದು ಸ್ಪಷ್ಟವಾಗುತ್ತದೆ.

ಆರಂಭದ ದಿನಗಳು

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಲ್ಲಿ ಲೂಥರನ್ ಮತ್ತು ರಿಫಾರ್ಮ್ಡ್ ಎಂಬ ಎರಡೂ ಪರಂಪರೆಗಳವರು ಒಟ್ಟಾಗಿ ದುಡಿಯುತ್ತಿದ್ದರು. ಮಿಶನರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದ ರೈತ ಹಾಗೂ ಕುಶಲಕರ್ಮಿ ಕುಟುಂಬಗಳಿಂದ ಬಂದವರು. ದೇವಭಕ್ತಿಯೊಂದಿಗೆ ಕೈಕೆಲಸದ ಶಿಸ್ತನ್ನೂ ಗೌರವಿಸುವ ಸಂಸ್ಕಾರ ಅವರದು. ಮಂಗಳೂರಿನಲ್ಲಿ ಮುಂದೆ ನಡೆದುದನ್ನು ಅರಿಯಲು ಈ ಹಿನ್ನೆಲೆ ಮುಖ್ಯವಾದುದು.

1833ರ ಸನ್ನದು ಕಾಯಿದೆಯು ಈಸ್ಟ್ ಇಂಡಿಯಾ ಕಂಪೆನಿಯ ಪ್ರದೇಶಗಳನ್ನು ಬ್ರಿಟಿಷೇತರ ಮಿಶನರಿಗಳಿಗೂ ತೆರೆಯಿತು. ಮರುವರ್ಷವೇ ಸಾಮುವೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್ ಮತ್ತು ಕ್ರಿಶ್ಚಿಯನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು, 1834ರ ಅಕ್ಟೋಬರ್ 30ರಂದು ಮಂಗಳೂರನ್ನು ತಲುಪಿದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗ್ ಅವರನ್ನು ಕೂಡಿಕೊಂಡನು. ಕಲೆಕ್ಟರ್ ಬ್ಲೇರನ ನೆರವಿನಿಂದ ಬಲ್ಮಠದ ಗುಡ್ಡದ ಮೇಲೆ ಮಿಶನ್ನಿಗೆ ನೆಲೆ ದೊರೆಯಿತು. ಧಾರವಾಡ, ಹುಬ್ಬಳ್ಳಿ, ಬೆಟಗೇರಿ, ಮೂಲ್ಕಿ, ಉಡುಪಿಗಳಲ್ಲಿಯೂ ಕ್ರಮೇಣ ಕೇಂದ್ರಗಳು ತೆರೆದವು.

ಶಾಲೆಯಿಂದ ಸಭೆಗೆ

ಮೊದಲ ವರ್ಷಗಳಲ್ಲಿ ಮಿಶನರಿಗಳು ಶಾಲೆಗಳ ಮೇಲೆ ಹೆಚ್ಚಿನ ಭರವಸೆಯಿಟ್ಟಿದ್ದರು. 1836ರಲ್ಲಿ ಕನ್ನಡ ಶಾಲೆಯೂ 1838ರಲ್ಲಿ ಇಂಗ್ಲಿಷ್ ಶಾಲೆಯೂ ಆರಂಭವಾದವು. ಇಂಗ್ಲಿಷ್ ಶಾಲೆಯಲ್ಲಿ ಓದಿದ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರಿನಲ್ಲಿ ದೊಡ್ಡ ಕೋಲಾಹಲವೆದ್ದಿತು. ಮೋಗ್ಲಿಂಗನ ಹೆಸರನ್ನೂ ಸೇರಿಸಿಕೊಂಡು ಹೆರ್ಮನ್ ಆನಂದರಾವ್ ಕೌಂಡಿನ್ಯನಾದ ಆತನು ಬಾಸೆಲಿನಲ್ಲಿ ವ್ಯಾಸಂಗ ಮಾಡಿ, 1851ರಲ್ಲಿ ಗುರುದೀಕ್ಷೆ ಪಡೆದು ಹಿಂದಿರುಗಿದನು.

ಈ ಘಟನೆಯು ಮಿಶನ್ನಿನ ಕೀರ್ತಿಯನ್ನು ಹೆಚ್ಚಿಸಿದರೂ ಸಭೆಯ ಸಂಖ್ಯೆಯನ್ನು ಹೆಚ್ಚಿಸಲಿಲ್ಲ. ಮೇಲ್ಜಾತಿಯ ವಿದ್ಯಾರ್ಥಿಗಳು ಇಂಗ್ಲಿಷ್ ವಿದ್ಯೆಯನ್ನು ಸ್ವೀಕರಿಸಿದರೇ ಹೊರತು ಮತವನ್ನು ಸ್ವೀಕರಿಸಲಿಲ್ಲ. ಸಭೆಯನ್ನು ನಿಜವಾಗಿ ಕಟ್ಟಿದವರು ಮುಖ್ಯವಾಗಿ ತುಳುನಾಡಿನ ಬಿಲ್ಲವರು. ಗ್ರೈನರ್ ತುಳುವನ್ನು ಕಲಿತು ಹಳ್ಳಿಗಳಲ್ಲಿ ಬೋಧಿಸಿದುದು ಇದಕ್ಕೆ ದಾರಿಯನ್ನು ತೆರೆಯಿತು.

ಬಿಲ್ಲವರು ಮತ್ತು ಜೀವನೋಪಾಯದ ಪ್ರಶ್ನೆ

ಬಿಲ್ಲವರಲ್ಲಿ ಅನೇಕರು ಗೇಣಿಗೆ ಭೂಮಿ ಮಾಡುವವರು. ಮೂರ್ತೆ, ಅಂದರೆ ತಾಳೆ ಹಾಗೂ ತೆಂಗಿನ ಮರಗಳಿಂದ ಶೇಂದಿ ಇಳಿಸುವುದು, ಅವರ ಕುಲಕಸುಬು. ಬ್ರಾಹ್ಮಣ ದೇವಾಲಯಗಳೊಳಗೆ ಅವರಿಗೆ ಪ್ರವೇಶವಿರಲಿಲ್ಲ. ಭೂತಾರಾಧನೆಯಲ್ಲಿ ಮಾತ್ರ ಮಹತ್ವದ ಪಾತ್ರವಿದ್ದಿತು. ಇಂತಹ ಸಮುದಾಯಕ್ಕೆ ಅಕ್ಷರ ಕಲಿಸುವ, ಆರಾಧನೆಯಲ್ಲಿ ಜೊತೆಗೆ ಕುಳ್ಳಿರಿಸುವ ಮತವೊಂದು ಆಕರ್ಷಕವಾಗಿ ತೋರಿದುದು ಸಹಜ.

ಆದರೆ ದೀಕ್ಷಾಸ್ನಾನಕ್ಕೆ ತೆರಬೇಕಾದ ಬೆಲೆ ದೊಡ್ಡದಾಗಿದ್ದಿತು. ಮೊದಲನೆಯದಾಗಿ, ಹೊಸ ಕ್ರೈಸ್ತನು ಜಾತಿಯಿಂದ ಹೊರಗಾಗುತ್ತಿದ್ದನು. 1850ರ 21ನೆಯ ಕಾಯಿದೆಯು ಮತಾಂತರದಿಂದ ಆಸ್ತಿಯ ಹಕ್ಕು ನಾಶವಾಗದೆಂದು ಸಾರಿತ್ತು. ಆದರೆ ತುಳುನಾಡಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿಯು ಅವಿಭಕ್ತ ಕುಟುಂಬದ್ದು; ಒಬ್ಬನೇ ತನ್ನ ಪಾಲನ್ನು ಬಿಡಿಸಿಕೊಂಡು ಹೋಗುವಂತಿರಲಿಲ್ಲ. ಆದ್ದರಿಂದ ಕಾಯಿದೆಯ ರಕ್ಷಣೆ ಬಹುಮಂದಿಗೆ ಕಾಗದದ ಮೇಲೆಯೇ ಉಳಿಯಿತು. ಎರಡನೆಯದಾಗಿ, ಭೂತದ ಸೇವೆಯನ್ನು ಬಿಟ್ಟವನಿಗೆ ಹಳ್ಳಿಯ ಭೂಸಂಬಂಧಗಳಲ್ಲಿ ಉಳಿದುಕೊಳ್ಳುವುದು ಕಷ್ಟವಾಗುತ್ತಿತ್ತು. ಮೂರನೆಯದಾಗಿ, ಮದ್ಯವನ್ನು ಪಾಪವೆಂದೆಣಿಸುತ್ತಿದ್ದ ಮಿಶನ್ ಶೇಂದಿಯ ಕಸುಬನ್ನು ಸಭಾಸದಸ್ಯರಿಗೆ ಸಮ್ಮತಿಸುತ್ತಿರಲಿಲ್ಲ. ಹೀಗೆ ಕುಟುಂಬ, ಭೂಮಿ, ಕಸುಬು ಮೂರೂ ಏಕಕಾಲಕ್ಕೆ ಕೈತಪ್ಪುತ್ತಿದ್ದವು. ಕಸುಬನ್ನು ಬಿಡಿಸಿದ ಮಿಶನ್ನಿಗೆ ಬೇರೆ ಕಸುಬನ್ನು ಒದಗಿಸುವ ಹೊಣೆಯೂ ಬಂದಿತು.

ಕಾರ್ಖಾನೆ ಮತ್ತು ಸಭೆ

ಮಿಶನ್ ಮೊದಲು ಕೃಷಿ ಮತ್ತು ಸಣ್ಣ ಕೈಕಸುಬುಗಳನ್ನು ಪ್ರಯೋಗಿಸಿತು. ಅವು ಹೆಚ್ಚು ಫಲಕಾರಿಯಾಗಲಿಲ್ಲ. 1851ರಲ್ಲಿ ನೇಯ್ಗೆಯಲ್ಲಿ ನುರಿತ ಯೋಹಾನ್ ಹಾಲರ್ ಬಂದ ಬಳಿಕ ನೇಯ್ಗೆಯ ಉದ್ಯಮ ನೆಲೆಗೊಂಡಿತು. 1841ರಲ್ಲಿ ಕಲ್ಲಚ್ಚಿನಿಂದ ಆರಂಭವಾಗಿದ್ದ ಮುದ್ರಣಾಲಯವು ಗೇಆರ್ಗ್ ಪ್ಲೆಬ್ಸ್ಟನ ಪರಿಶ್ರಮದಿಂದ ಅಚ್ಚುಮೊಳೆಯ ಮುದ್ರಣಕ್ಕೆ ಬೆಳೆದು, ಅಚ್ಚುಜೋಡಣೆ ಹಾಗೂ ಪುಸ್ತಕ ಕಟ್ಟುವ ಕೆಲಸಗಳಲ್ಲಿ ಹಲವರಿಗೆ ಉದ್ಯೋಗ ನೀಡಿತು. ಅದೇ ಪ್ಲೆಬ್ಸ್ಟನು 1865ರಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದನು. ನದೀತೀರದ ಜೇಡಿಮಣ್ಣು, ಸುಲಭವಾಗಿ ದೊರೆಯುತ್ತಿದ್ದ ಸೌದೆ, ಸಮೀಪದ ಬಂದರು ಇವೆಲ್ಲವೂ ಉದ್ಯಮಕ್ಕೆ ಅನುಕೂಲವಾಗಿದ್ದವು. ಒಂದಕ್ಕೊಂದು ಕೊಂಡಿಯಂತೆ ಕೂಡಿಕೊಳ್ಳುವ ಈ ಹೆಂಚು ಭಾರೀ ಮಳೆಯ ಕರಾವಳಿಯಲ್ಲಿ ಮುಳಿಹುಲ್ಲಿನ ಮಾಡನ್ನು ಕ್ರಮೇಣ ಸ್ಥಳಾಂತರಿಸಿ, ಮಂಗಳೂರು ಹೆಂಚೆಂದು ದೂರದೇಶಗಳಲ್ಲಿಯೂ ಹೆಸರಾಯಿತು. ಕುದ್ರೋಳಿಯಲ್ಲಿಯೂ ಮಲಬಾರಿನ ಹಲವೆಡೆಗಳಲ್ಲಿಯೂ ಮಿಶನ್ನಿನ ಕಾರ್ಖಾನೆಗಳು ತಲೆಯೆತ್ತಿದವು.

ಸಭೆಯ ಭೂಗೋಳವನ್ನು ಈ ಉದ್ಯಮಗಳೇ ಬಹುಮಟ್ಟಿಗೆ ರೂಪಿಸಿದವು. ಹಳ್ಳಿಗಳಿಂದ ಹೊರದೂಡಲ್ಪಟ್ಟ ಕುಟುಂಬಗಳು ಕಾರ್ಖಾನೆಯ ಸುತ್ತ ನೆಲೆಸಿದವು. ಅವರಿಗಾಗಿ ಪ್ರಾರ್ಥನಾಲಯ ಮತ್ತು ಶಾಲೆ ಬೇಕಾದವು. ವಾರದ ಆರು ದಿನ ಜೊತೆಯಾಗಿ ದುಡಿಯುವವರು ಏಳನೆಯ ದಿನ ಜೊತೆಯಾಗಿ ಆರಾಧಿಸಿದರು. ಗಂಟೆಯ ಲೆಕ್ಕದ ಕೆಲಸ, ವಾರದ ಸಂಬಳ, ಮಿತವ್ಯಯ ಇವು ತುಳುನಾಡಿಗೆ ಹೊಸದಾದ ಜೀವನಕ್ರಮವನ್ನು ತಂದವು. ಸ್ತ್ರೀಯರೂ ಕೂಲಿಯ ಕೆಲಸದಿಂದ ಸ್ವಂತ ಆದಾಯ ಪಡೆದರು.

ಈ ವ್ಯವಸ್ಥೆಗೆ ಇನ್ನೊಂದು ಮುಖವೂ ಇದ್ದಿತು. ಉದ್ಯೋಗ, ವಸತಿ, ಮಕ್ಕಳ ಶಾಲೆ, ಸಭೆಯ ಶಿಸ್ತು ಎಲ್ಲವೂ ಒಂದೇ ಸಂಸ್ಥೆಯ ಅಧೀನದಲ್ಲಿದ್ದುದರಿಂದ, ಹಳೆಯ ಒಡೆಯನಿಂದ ಬಿಡುಗಡೆ ಹೊಂದಿದವನು ಹೊಸ ಆಶ್ರಯದಾತನಿಗೆ ಅಧೀನನಾದನು. ಸ್ಥಳೀಯ ಉಪದೇಶಿಗಳೂ ಸಭಾಪಾಲಕರೂ ತಯಾರಾದರೂ, ಹಣಕಾಸು ಮತ್ತು ನಿರ್ಣಯದ ಅಧಿಕಾರ ಯುರೋಪಿಯನ್ನರ ಕೈಯಲ್ಲಿಯೇ ಉಳಿಯಿತು. ಉದ್ಯೋಗದ ಆಸೆಯಿಂದ ಸಭೆ ಸೇರುವವರ ಬಗ್ಗೆ ಮಿಶನ್ನಿನೊಳಗೇ ಆತಂಕವಿದ್ದಿತು. ಕಾರ್ಖಾನೆ ಒದಗಿಸಬಲ್ಲ ಕೆಲಸಕ್ಕೆ ಮಿತಿಯಿದ್ದುದರಿಂದ ಸಭೆಯ ಬೆಳವಣಿಗೆಗೂ ಒಂದು ಮಿತಿ ಏರ್ಪಟ್ಟಿತು.

ಬಿಲ್ಲವರ ಮುಂದಿದ್ದ ಮತ್ತೊಂದು ಮಾರ್ಗವನ್ನೂ ಇಲ್ಲಿ ಗಮನಿಸಬೇಕು. ಮಿಶನ್ನಿನ ಹೆಂಚಿನ ಕಾರ್ಖಾನೆಯಿದ್ದ ಕುದ್ರೋಳಿಯಲ್ಲಿಯೇ 1912ರಲ್ಲಿ ನಾರಾಯಣ ಗುರುಗಳು ಗೋಕರ್ಣನಾಥ ದೇವಾಲಯದ ಪ್ರತಿಷ್ಠೆಯನ್ನು ನೆರವೇರಿಸಿದರು. ದೇವಾಲಯ ಪ್ರವೇಶವಿಲ್ಲದ ಸಮುದಾಯವು ತನ್ನದೇ ದೇವಾಲಯವನ್ನು ಪಡೆಯಿತು. ಒಂದೇ ಅವಮಾನಕ್ಕೆ ಒಂದೇ ಸಮುದಾಯ ಕಂಡುಕೊಂಡ ಎರಡು ಉತ್ತರಗಳು ಇವು. ಎರಡನೆಯದರಲ್ಲಿ ಕುಟುಂಬವನ್ನೂ ಕುಲವನ್ನೂ ತೊರೆಯಬೇಕಾಗಿರಲಿಲ್ಲ.

ಭಾಷೆಯ ಆಯ್ಕೆ

ಸಭೆಯ ಬಹುಸಂಖ್ಯಾತರ ಮನೆಮಾತು ತುಳು. ಗ್ರೈನರನ ಅನುವಾದದ ಫಲವಾಗಿ ತುಳು ಹೊಸ ಒಡಂಬಡಿಕೆಯು 1847ರಲ್ಲಿ ಕನ್ನಡ ಲಿಪಿಯಲ್ಲಿ ಪ್ರಕಟವಾಯಿತು. ಬ್ರಿಗೆಲನ ತುಳು ವ್ಯಾಕರಣ 1872ರಲ್ಲಿಯೂ ಮೆನ್ನರನ ತುಳು-ಇಂಗ್ಲಿಷ್ ನಿಘಂಟು 1886ರಲ್ಲಿಯೂ ಹೊರಬಂದವು. ಆದರೆ ಶಾಲೆ, ಕಚೇರಿ ಮತ್ತು ಸೆಮಿನರಿಯ ಶಿಕ್ಷಣದ ಭಾಷೆ ಕನ್ನಡವಾಗಿದ್ದುದರಿಂದ ಆರಾಧನೆಯಲ್ಲಿಯೂ ಕನ್ನಡವೇ ಪ್ರಧಾನವಾಯಿತು. ಉತ್ತರ ಕರ್ನಾಟಕದ ಸಭೆಗಳೊಂದಿಗಿನ ಸಂಬಂಧವೂ ಇದನ್ನು ಬಲಪಡಿಸಿತು. ಮೋಗ್ಲಿಂಗನು 1843ರ ಜುಲೈ 1ರಂದು ಆರಂಭಿಸಿದ ‘ಮಂಗಳೂರ ಸಮಾಚಾರ’ವಾಗಲಿ, 1894ರಲ್ಲಿ ಪ್ರಕಟವಾದ ಕಿಟೆಲನ ನಿಘಂಟಾಗಲಿ ಕನ್ನಡದ ಸಂಪತ್ತೇ ಸರಿ, ಅವುಗಳ ಹಿಂದಿನ ಸಭೆ ಮಾತ್ರ ಮನೆಯಲ್ಲಿ ತುಳುವನ್ನೂ ದೇವರ ಮುಂದೆ ಕನ್ನಡವನ್ನೂ ನುಡಿಯುವ ದ್ವಿಭಾಷಿಕ ಸಭೆಯಾಗಿದ್ದಿತು. ತುಳು ಬಳಿಯ ಹೆಸರುಗಳು ಇಲ್ಲಿನ ಪ್ರಾಟೆಸ್ಟಂಟ್ ಕುಟುಂಬಗಳಲ್ಲಿ ಉಳಿದುಬಂದಿರುವುದೂ ಪೂರ್ವಸಂಬಂಧವು ಪೂರ್ತಿಯಾಗಿ ಕಡಿದುಹೋಗಲಿಲ್ಲವೆಂಬುದನ್ನು ಸೂಚಿಸುತ್ತದೆ.

1914ರ ಪರೀಕ್ಷೆ ಮತ್ತು ಬಳಿಕ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಜರ್ಮನ್ ಮಿಶನರಿಗಳು ಶತ್ರುದೇಶದವರೆನಿಸಿದರು. ಅವರು ಬಂಧನಕ್ಕೊಳಗಾಗಿ, ಬಳಿಕ ದೇಶದಿಂದ ಹೊರಗೆ ಕಳುಹಿಸಲ್ಪಟ್ಟರು. ಮಿಶನ್ನಿನ ಉದ್ಯಮಗಳನ್ನು ಸರಕಾರ ವಶಪಡಿಸಿಕೊಂಡಿತು. 1919ರಲ್ಲಿ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪೆನಿಯ ಕೈಸೇರಿದವು. ಎಂಬತ್ತು ವರ್ಷಗಳ ಕಾಲ ಸಭೆಯನ್ನು ಪೋಷಿಸಿದ ವ್ಯವಸ್ಥೆ ಕೆಲವೇ ವರ್ಷಗಳಲ್ಲಿ ಕಳಚಿಬಿದ್ದಿತು.

ಉದ್ಯೋಗವೇ ಸಭೆಯ ಏಕೈಕ ಆಧಾರವಾಗಿದ್ದರೆ ಈ ಹಂತದಲ್ಲಿ ಅದು ಚದುರಿಹೋಗಬೇಕಾಗಿತ್ತು. ಹಾಗಾಗಲಿಲ್ಲ. ಹೊರಗಿನ ನೆರವು ಸ್ವಲ್ಪಮಟ್ಟಿಗೆ ದೊರೆತರೂ, ಸಭೆಗಳ ದೈನಂದಿನ ಹೊಣೆಯನ್ನು ಸ್ಥಳೀಯ ಸಭಾಪಾಲಕರೂ ಹಿರಿಯರೂ ಹೊತ್ತರು. 1920ರ ದಶಕದ ಉತ್ತರಾರ್ಧದಲ್ಲಿ ಬಾಸೆಲ್ ಮಿಶನರಿಗಳು ಮರಳಿದಾಗ, ತಮ್ಮ ವ್ಯವಹಾರಗಳನ್ನು ತಾವೇ ನಡೆಸಿ ಅನುಭವ ಪಡೆದಿದ್ದ ಸಭೆಗಳು ಅವರನ್ನು ಎದುರುಗೊಂಡವು.

ಸ್ವಾತಂತ್ರ್ಯದ ವರ್ಷವಾದ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ರೂಪುಗೊಂಡಾಗ ದಕ್ಷಿಣ ಕನ್ನಡದ ಬಾಸೆಲ್ ಮಿಶನ್ ಸಭೆಗಳು ಅದರಲ್ಲಿ ಸೇರಲಿಲ್ಲ. ಬಿಷಪರ ಆಡಳಿತಕ್ಕೆ ಒಗ್ಗದ ಪರಂಪರೆಯೊಂದು ಅವುಗಳಿಗಿದ್ದಿತು. 1968ರಲ್ಲಿ ಐಕ್ಯ ಕೈಗೂಡಿತು. ಬಳಿಕ ಮಂಗಳೂರನ್ನು ಕೇಂದ್ರವಾಗುಳ್ಳ ಕರ್ನಾಟಕ ದಕ್ಷಿಣ ಸಭಾಪ್ರಾಂತ ಅಸ್ತಿತ್ವಕ್ಕೆ ಬಂದಿತು. ಬಲ್ಮಠದ ಹಳೆಯ ಸೆಮಿನರಿಯ ಪರಂಪರೆಯನ್ನು 1965ರಲ್ಲಿ ಸ್ಥಾಪಿತವಾದ ಕರ್ನಾಟಕ ದೇವಶಾಸ್ತ್ರ ಮಹಾವಿದ್ಯಾಲಯ ಮುಂದುವರಿಸಿತು.

ಸಮಾರೋಪ

ಮಂಗಳೂರಿನ ಬಾಸೆಲ್ ಮಿಶನ್ ಸಭೆಯ ಇತಿಹಾಸವನ್ನು ಮಿಶನರಿಗಳ ಜೀವನಚರಿತ್ರೆಗಳ ಸರಣಿಯಾಗಿ ಮಾತ್ರ ನೋಡಿದರೆ ಅದರ ಮುಖ್ಯ ಪಾತ್ರಧಾರಿಗಳು ಕಾಣಸಿಗುವುದಿಲ್ಲ. ಮತವನ್ನು ಆರಿಸಿಕೊಂಡು ಕುಟುಂಬ, ಭೂಮಿ, ಕಸುಬುಗಳನ್ನು ತೊರೆದವರು, ಮಗ್ಗದ ಮುಂದೆಯೂ ಹೆಂಚಿನ ಗೂಡಿನ ಮುಂದೆಯೂ ಹೊಸ ಬದುಕನ್ನು ಕಟ್ಟಿಕೊಂಡವರು ಅವರು. ಅವರಲ್ಲಿ ಬಹುಮಂದಿಯ ಹೆಸರು ಮುದ್ರಿತ ಗ್ರಂಥಗಳಲ್ಲಿಲ್ಲ. ದೀಕ್ಷಾಸ್ನಾನದ ದಾಖಲೆಗಳು, ಸಭೆಯ ನಡವಳಿ ಪುಸ್ತಕಗಳು ಹಾಗೂ ಕಾರ್ಖಾನೆಯ ಲೆಕ್ಕಪತ್ರಗಳನ್ನು ಒಟ್ಟಿಗೆ ಇಟ್ಟು ಓದುವ ಸಂಶೋಧನೆಯಿಂದ ಮಾತ್ರ ಈ ಇತಿಹಾಸಕ್ಕೆ ಪೂರ್ಣತೆ ಬರಬಲ್ಲುದು.